ರಿವಾಲ್ವರೋ, ಪಿಸ್ತೂಲೋ?

ಆತ್ಮರಕ್ಷಣೆಗೆಂದು ಲೈಸೆನ್ಸು ಪಡೆದ ಗೃಹಸ್ಥರು ಯಾವುದನ್ನು ಕೊಳ್ಳಬೇಕು? 1959ರ ಶಸ್ತ್ರ ಕಾಯಿದೆ ಹಾಗೂ ಅದರ ನಿಯಮಗಳಂತೆ 9 ಮಿಲಿಮೀಟರಿನ ಪಿಸ್ತೂಲು ಸಾಮಾನ್ಯರಿಗೆ ನಿಷಿದ್ಧ. ನಮ್ಮವರ ಆಯ್ಕೆಯು ಬಹುಮಟ್ಟಿಗೆ.32ರ ರಿವಾಲ್ವರು, .32ರ ಪಿಸ್ತೂಲು ಇವೆರಡರೊಳಗಿನದು.

ಪಿಸ್ತೂಲು ಚಪ್ಪಟೆಯಾದುದು, ತೋಟಾಗಳನ್ನೂ ಸಾಮಾನ್ಯವಾಗಿ ಹೆಚ್ಚಾಗಿ ಹಿಡಿಯುವುದು. ಆದರೆ ಹಿಡಿಯೊಳಗಿನ ಮ್ಯಾಗಜೀನನ್ನು ಹೊರಗೆಳೆದ ಮಾತ್ರಕ್ಕೆ ಅದು ಬರಿದಾಯಿತೆಂದು ನಂಬಲಾಗದು. ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಅನೇಕ ಪಿಸ್ತೂಲುಗಳು ಆ ಸ್ಥಿತಿಯಲ್ಲಿಯೂ ಗುಂಡನ್ನು ಹಾರಿಸುವುವು. ಬರಿದೆಂದು ತಿಳಿದ ಆಯುಧದಿಂದಲೇ ಮನೆಯ ಮಕ್ಕಳು ಮಡಿದುದುಂಟು. ರಿವಾಲ್ವರಿನ ಉರುಳೆಯನ್ನು ಹೊರಕ್ಕೆ ತೆರೆದರೆ ಗೂಡುಗಳೆಲ್ಲವೂ ಕಣ್ಣಿಗೆ ಕಾಣುವುವು. ತೋಟಾ ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರನ್ನೆಳೆದರಾಯಿತು, ಮುಂದಿನದು ಎದುರಿಗೆ ಬರುವುದು. ಪಿಸ್ತೂಲಿನಲ್ಲಾದರೋ ಎರಡನೆಯ ಕೈಯಿಂದ ಮೇಲಿನ ಜಾರುಭಾಗವನ್ನು ಬಲವಾಗಿ ಹಿಂದಕ್ಕೆಳೆಯಬೇಕು. ನಡುರಾತ್ರಿಯಲ್ಲಿ ನಡುಗುವ ಕೈಗೆ ಇದು ಸುಲಭವಲ್ಲ.

ಸೈನ್ಯದಿಂದ ನಿವೃತ್ತರಾದವರ ಮಾತು ಬೇರೆ. ವರ್ಷಕ್ಕೊಮ್ಮೆಯೂ ಗುರಿಯ ಅಭ್ಯಾಸವಿಲ್ಲದ ಗೃಹಸ್ಥರಿಗೆ ರಿವಾಲ್ವರೇ ಲೇಸೆಂದು ನಾವು ಹೇಳುವೆವು. ಆದರೆ ಬಹುಪಾಲು ರಿವಾಲ್ವರುಗಳಲ್ಲಿ ಕೈಯಿಂದ ಹಾಕುವ ತಡೆಗುಂಡಿಯಿರುವುದಿಲ್ಲ. ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಬಚ್ಚಿಡುವ ವಾಡಿಕೆಯನ್ನು ಬಿಟ್ಟು, ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿರಿಸಿ ಬೀಗ ಹಾಕಿ, ಬೀಗದ ಕೈಯನ್ನು ಯಜಮಾನರು ತಮ್ಮ ಬಳಿಯೇ ಇಟ್ಟುಕೊಳ್ಳತಕ್ಕದ್ದು.