ಲಾಭ ಇದೆ, ದುಡ್ಡಿಲ್ಲ

ನಮ್ಮೂರ ಶೆಟ್ಟರ ಅಂಗಡಿಯಲ್ಲಿ ಲೆಕ್ಕ ಅಂದ್ರೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಪೇಟೆಗೆ ಸಾಮಾನು ತರೋಕೆ ಹೊರಡೋ ಮುಂಚೆ ಶೆಟ್ಟರು ಅದನ್ನ ತಿರುವಿ ನೋಡ್ತಿದ್ರು. ಯಾರ ಬಾಕಿ ಎಷ್ಟು, ಈ ವಾರ ಯಾರು ಕೊಡ್ತಾರೆ, ರಾಗಿ ಮಾರೋವರೆಗೂ ಯಾರ ಕೈಗೆ ಕಾಸು ಬರಲ್ಲ. ಎಷ್ಟು ಮೂಟೆ ಸಕ್ಕರೆ ತರಬೇಕು ಅನ್ನೋದು ಅದರ ಮೇಲೇ ತೀರ್ಮಾನ ಆಗ್ತಿತ್ತು.

ಬಿಇ ಮುಗಿಸಿ ಬೆಂಗಳೂರು ಸೇರಿದ ನಾನು ಈಗ ಅಕೌಂಟಿಂಗ್ ಸಾಫ್ಟ್‌ವೇರ್ ಬರೀತೀನಿ. ಹೋದ ವರ್ಷ ಹೊಸ ವರ್ಷನ್ ತೋರಿಸೋಕೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಹೋಗಿದ್ದೆ. ಮಾಲೀಕರು ಮಧ್ಯದಲ್ಲೇ ತಡೆದರು. "ನಿಮ್ಮ ರಿಪೋರ್ಟಲ್ಲಿ ನಾಲ್ಕು ಲಕ್ಷ ಲಾಭ ಅಂತ ಇತ್ತು. ಅದನ್ನ ನಂಬಿ ಸೆಕೆಂಡ್ ಹ್ಯಾಂಡ್ ಲೇತ್ ತಗೊಂಡೆ. ಈಗ ಶನಿವಾರ ಹುಡುಗರಿಗೆ ಸಂಬಳ ಕೊಡೋಕೆ ದುಡ್ಡಿಲ್ಲ. ಯಾವುದು ಸುಳ್ಳು ಹೇಳಿ ಸರ್?"

ಎರಡೂ ನಿಜ. ಬಿಲ್ ಹಾಕಿದ ದಿನವೇ ಪುಸ್ತಕದಲ್ಲಿ ಆದಾಯ ಬಂದುಬಿಡುತ್ತೆ. ಗಿರಾಕಿ ಮೂರು ತಿಂಗಳು ಬಿಟ್ಟು ಕೊಡಬಹುದು. ಜಿಎಸ್‌ಟಿ ಅಷ್ಟು ದಿನ ಕಾಯಲ್ಲ. ತಿಂಗಳ ರಿಟರ್ನ್ ಹಾಕೋವರು, ಗಿರಾಕಿ ಕೊಟ್ಟಿರಲಿ ಬಿಟ್ಟಿರಲಿ, ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು.

ಬಿಲ್ಲಿನ ತಾರೀಖು, ಯಾವ ಗಿರಾಕಿ ಎಷ್ಟು ದಿನ ಸತಾಯಿಸ್ತಾನೆ, ಸಂಬಳದ ದಿನ ಯಾವುದು, ಇದೆಲ್ಲ ನಮ್ಮ ಡೇಟಾಬೇಸಲ್ಲೇ ಇತ್ತು. ಒಂದೇ ಪರದೆ ಮೇಲೆ ತಂದು ಮುಂದಿನ ನಾಲ್ಕು ವಾರ ಕೈಯಲ್ಲಿ ಎಷ್ಟಿರುತ್ತೆ ಅಂತ ತೋರಿಸೋದು ನಮಗೆ ತೋಚಿರಲೇ ಇಲ್ಲ. ಏನು ಬೇಕು ಅಂತ ನಾವು ಕೇಳಿದ್ದು ಆಡಿಟರನ್ನ, ಮಾಲೀಕರನ್ನಲ್ಲ.

"ಅಕೌಂಟ್ಸ್ ಇರೋದೇ ತೆರಿಗೆಗೆ, ಆಡಿಟ್‌ಗೆ" ಅಂತ ನಮ್ಮ ಮೀಟಿಂಗಲ್ಲಿ ವಾದ ಬಂತು. ನಾನು ಒಪ್ಪಲ್ಲ. 1986ರಲ್ಲಿ ಇದೇ ಬೆಂಗಳೂರಲ್ಲಿ ಟ್ಯಾಲಿ ಶುರುವಾಗಿದ್ದು ಹೇಗೆ? ಅಪ್ಪನ ವ್ಯಾಪಾರಕ್ಕೆ ಹೊಂದೋ ಸಾಫ್ಟ್‌ವೇರ್ ಸಿಗಲಿಲ್ಲ ಅಂತ ಭರತ್ ಗೋಯೆಂಕಾ ತಾವೇ ಬರೆಯೋಕೆ ಕೂತರು. ಅಲ್ಲಿ ಮೊದಲು ಇದ್ದದ್ದು ಒಬ್ಬ ವ್ಯಾಪಾರಿಯ ಕಷ್ಟ. ತೆರಿಗೆ ಲೆಕ್ಕ ಸರಿ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಆಗಿಹೋದ ವ್ಯವಹಾರದ ಲೆಕ್ಕ. ಲೇತ್ ತಗೋಬೇಕೋ ಬೇಡವೋ ಅನ್ನೋದು ನಾಳೆಯ ಪ್ರಶ್ನೆ.

ಆ ಶನಿವಾರ ಅವರು ಮೀಟರ್ ಬಡ್ಡಿಗೆ ಸಾಲ ತಂದು ಸಂಬಳ ಕೊಟ್ಟರು. ಅದರಲ್ಲಿ ನನ್ನ ಪಾಲೂ ಇದೆ.

ನೀವೂ ಇಂಥದ್ದೇ ಕೆಲಸದಲ್ಲಿದ್ರೆ, ಡ್ಯಾಶ್‌ಬೋರ್ಡಿಗೆ ಇನ್ನೊಂದು ಗ್ರಾಫ್ ಸೇರಿಸೋ ಮುಂಚೆ ಕೇಳಿಕೊಳ್ಳಿ: ಇದನ್ನ ನೋಡಿ ಯಾರು ಏನು ತೀರ್ಮಾನ ಮಾಡ್ತಾರೆ? ಉತ್ತರ ಹೊಳೀದಿದ್ರೆ ಕಿತ್ತುಹಾಕಿ. ಶೆಟ್ಟರ ನೋಟ್‌ಬುಕ್ಕಲ್ಲಿ ಅಂಥ ಒಂದು ಸಾಲೂ ಇರಲಿಲ್ಲ.