ಪೀಣ್ಯದ ಮಣ್ಣು ಮತ್ತು ಅಂತರ್ಜಲದ ಮಾದರಿ ಸಂಗ್ರಹ ಕ್ರಮ ಕುರಿತು ಮನವಿ ಪತ್ರ

ಗೆ,
ಮಾನ್ಯ ಸದಸ್ಯ ಕಾರ್ಯದರ್ಶಿಯವರು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಬೆಂಗಳೂರು

ಮಾನ್ಯರೇ,

ಪೀಣ್ಯದಲ್ಲಿ ಲೋಹಲೇಪನದ ಘಟಕಗಳು ದಶಕಗಳಿಂದ ನಡೆಯುತ್ತಿವೆ. ಅಲ್ಲಿನ ಅಂತರ್ಜಲಕ್ಕೆ ಹೆಕ್ಸಾವೇಲೆಂಟ್ ಕ್ರೋಮಿಯಂ ಸೇರಿರುವುದು ಹೊಸ ಸುದ್ದಿಯೇನಲ್ಲ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂಗೆ ಭಾರತೀಯ ಮಾನದಂಡ ಐಎಸ್ 10500 ಇಟ್ಟಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಅಳೆಯುವಾಗ ಪ್ರಯೋಗಾಲಯದ ಯಂತ್ರಕ್ಕಿಂತ ಮೊದಲು ಬಾಟಲಿ ತುಂಬಿದ ಕ್ರಮವನ್ನೇ ವಿಚಾರಿಸಬೇಕು. ಮಾದರಿ ಕೆಟ್ಟರೆ ವರದಿಯೂ ಕೆಟ್ಟಂತೆ.

ಹತ್ತಿರದಲ್ಲಿರುವ ಬೋರ್‌ವೆಲ್ ನೀರು ಹಿಡಿದು ಕಳಿಸುವುದು ಸುಲಭ. ಆದರೆ ಇದು ಗ್ನೈಸ್ ಬಂಡೆಯ ನೆಲ. ಮೇಲಿನ ಶಿಥಿಲ ಪದರದ ನೀರೂ ಆಳದ ಬಿರುಕುಗಳ ನೀರೂ ಒಂದೇ ಕೊಳವೆಯಲ್ಲಿ ಬೆರೆತರೆ ಮಲಿನ ಪದರದ ತೀವ್ರತೆ ಮರೆಯಾಗುತ್ತದೆ. ಆದ್ದರಿಂದ ಪ್ರತಿ ಪದರಕ್ಕೂ ಬೇರೆ ವೀಕ್ಷಣಾ ಬಾವಿ ಬೇಕು. ಕೊಳವೆಯಲ್ಲಿ ನಿಂತ ನೀರನ್ನು ಮೊದಲು ಹೊರಹಾಕಿ, ಪಿಎಚ್ ಮತ್ತು ವಿದ್ಯುತ್ ವಾಹಕತೆ ಸ್ಥಿರವಾದ ಮೇಲೆಯೇ ಮಾದರಿ ತೆಗೆಯಬೇಕು. ಒಟ್ಟು ಲೋಹಗಳ ಪರೀಕ್ಷೆಗೆಂದು ನೈಟ್ರಿಕ್ ಆಮ್ಲ ಬೆರೆಸಿದ ಬಾಟಲಿಯಲ್ಲೇ ಹೆಕ್ಸಾವೇಲೆಂಟ್ ಕ್ರೋಮಿಯಂ ಹುಡುಕುವುದು ವ್ಯರ್ಥ. ಆಮ್ಲದಲ್ಲಿ ಅದು ಕಡಿಮೆ ಅಪಾಯದ ಟ್ರೈವೇಲೆಂಟ್ ರೂಪಕ್ಕೆ ತಿರುಗಿಬಿಡಬಹುದು. ಅದಕ್ಕೆ ಸ್ಥಳದಲ್ಲೇ ಸೋಸಿದ ನೀರಿನ, ಆಮ್ಲವಿಲ್ಲದ, ಮಂಜುಗಡ್ಡೆಯಲ್ಲಿಟ್ಟ ಪ್ರತ್ಯೇಕ ಬಾಟಲಿ ಬೇಕು. 24 ಗಂಟೆಯೊಳಗೆ ಪರೀಕ್ಷೆಯಾಗಬೇಕು. ಮಣ್ಣಿನ ವಿಷಯದಲ್ಲೂ ಹಲವು ಆಳಗಳ ಮಣ್ಣನ್ನು ಒಂದೇ ಚೀಲದಲ್ಲಿ ಕಲಸಕೂಡದು. ಏಕೆಂದರೆ ಟ್ರೈವೇಲೆಂಟ್ ರೂಪ ಮಣ್ಣಿಗೆ ಅಂಟಿ ಮೇಲೆಯೇ ಉಳಿಯುತ್ತದೆ, ಹೆಕ್ಸಾವೇಲೆಂಟ್ ರೂಪ ನೀರಿನೊಂದಿಗೆ ಕೆಳಗಿಳಿಯುತ್ತದೆ.

ಇದೆಲ್ಲ ದುಬಾರಿ ಎಂಬ ಆಕ್ಷೇಪ ಬರಬಹುದು. ನಿಜ, ಬಾವಿ ಕೊರೆಯಲು ಹಣ ಬೇಕು. ಆದರೆ ಬೆರೆತ ನೀರಿನ ವರದಿ ನಂಬಿ ‘ಸುರಕ್ಷಿತ’ ಎಂದರೆ ಅದರ ಬೆಲೆ ತೆರುವವರು ಆ ನೀರು ಬಳಸುವವರು. ಮಾಲಿನ್ಯ ನಮ್ಮದಲ್ಲ, ಮೇಲಿನಿಂದ ಹರಿದು ಬಂದದ್ದು ಎಂಬ ಕಾರ್ಖಾನೆ ಮಾಲೀಕರ ವಾದವನ್ನೂ ತಳ್ಳಿಹಾಕಲಾಗದು. ಅದನ್ನು ತೀರ್ಮಾನಿಸಲೆಂದೇ ಅಂತರ್ಜಲ ಹರಿದುಬರುವ ಮೇಲ್ಬದಿಯಲ್ಲೊಂದು ಹೋಲಿಕೆಯ ಬಾವಿ ಇರಲಿ. ತ್ಯಾಜ್ಯನೀರಿನ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಮಾದರಿ ತೆಗೆಯುವವರೂ ಕಾರ್ಖಾನೆಯವರೂ ಸಹಿ ಮಾಡುವ ರಕ್ಷಣೆಯನ್ನು 1974ರ ಜಲ ಕಾಯ್ದೆಯ 21ನೇ ಕಲಂ ಕಾರ್ಖಾನೆಗೆ ಕೊಟ್ಟಿದೆ. ಅದೇ ನೀರು ನೆಲಕ್ಕಿಳಿದ ಮೇಲೆ ಅದನ್ನು ಬಳಸುವ ನಿವಾಸಿಗೆ ಆ ರಕ್ಷಣೆ ಏಕಿರಬಾರದು?

ಆದಕಾರಣ ಈ ಕ್ರಮವನ್ನು ಪೀಣ್ಯದ ಮಣ್ಣು ಮತ್ತು ಅಂತರ್ಜಲದ ತನಿಖೆಯ ಕಾರ್ಯಾದೇಶದಲ್ಲೇ ಬರೆಯಿಸಿ, ಮಾದರಿ ತೆಗೆಯುವ ದಿನವನ್ನು ಮುಂಚಿತವಾಗಿ ತಿಳಿಸಿ, ಪ್ರತಿ ಮಾದರಿಯ ಒಂದು ಮೊಹರಾದ ಭಾಗವನ್ನು ನಿವಾಸಿಗಳ ಪ್ರತಿನಿಧಿಗೆ ಕೊಡಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಪೀಣ್ಯ ಸುತ್ತಲಿನ ನಿವಾಸಿಗಳು