ಹನಿ ಒಂದೆಡೆ, ತೂತು ಇನ್ನೊಂದೆಡೆ

ಚಿಂತಾಕಿಯ ಕಡೆ ‘ಪತ್ರಾ’ ಎನ್ನುವ ತಗಡಿನ ಮಾಡು ಸೋರಿ ಕೆಳಗಿನ ತೊಗರಿಚೀಲ ನೆನೆದೊಡನೆ, ಹನಿ ಬಿದ್ದ ನೇರಕ್ಕೆ ಡಾಂಬರು ಮೆತ್ತುವುದು ವಾಡಿಕೆ. ಇದು ವ್ಯರ್ಥವೆಂದೇ ನನ್ನ ಮತ. ಒಳಸೇರಿದ ನೀರು ತಗಡಿನ ಅಡಿಮೈಗೆ ಅಂಟಿಕೊಂಡು ಇಳಿಜಾರಿನಲ್ಲಿ ಹರಿದು, ತೊಲೆ ಅಡ್ಡ ಬಂದಲ್ಲಿ ತೊಟ್ಟಿಕ್ಕುತ್ತದೆ. ತೂತನ್ನು ಹನಿಗಿಂತ ಮೇಲ್ಗಡೆ ಹುಡುಕಬೇಕು. ತೂತೇ ಇರಬೇಕೆಂದೂ ಇಲ್ಲ: ತಗಡುಗಳ ನಡುವಣ ಅರ್ಧ ಮಿಲಿಮೀಟರ್ ಸಂದಿನಲ್ಲಿ ನೀರು ಕೇಶಾಕರ್ಷಣೆಯಿಂದ ಸುಮಾರು 3 ಸೆಂಟಿಮೀಟರ್ ಮೇಲೇರಬಲ್ಲದು! ಬಿಸಿಲೂ ನಿರಪರಾಧಿಯಲ್ಲ, 3 ಮೀಟರ್ ಉದ್ದದ ಉಕ್ಕಿನ ತಗಡು 40 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾಯ್ದರೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗಿ, ಮೊಳೆಯ ರಂಧ್ರಗಳನ್ನು ಸಡಿಲಿಸುತ್ತದೆ.

ವಿದ್ಯಾರ್ಥಿಗಳೇ, ಮಳೆಗಾಲಕ್ಕೆ ಮುನ್ನವೇ ಪರೀಕ್ಷಿಸಿರಿ. ಒಬ್ಬರು ಸೂರಿನ ಅಂಚಿನಿಂದ ಮೊದಲ್ಗೊಂಡು ಮೊಳಮೊಳವಾಗಿ ಮೇಲಕ್ಕೆ ನೀರು ಸುರಿಯಲಿ; ಇನ್ನೊಬ್ಬರು ಒಳಗಿನಿಂದ ನೋಡುತ್ತಿರಲಿ. ಮೇಲಿನಿಂದ ಸುರಿದರೆ ಸಂದುಗಳೆಲ್ಲವೂ ಒಟ್ಟಿಗೇ ನೆನೆದು, ಸೋರುವುದು ಯಾವುದೆಂದು ತಿಳಿಯದು.